ಮೊಲಿಯೇರ್‌ನ ‘ತಾರ್ತೂಫ್’ ಇವತ್ತಿನ ಕಾಲಕ್ಕೆ ತರುತ್ತಿದ್ದೇವೆ: ಕೊನೆಯಲ್ಲಿ ಬರುವ ರಾಜನನ್ನು ಏನು ಮಾಡೋಣ?

ತಾಲೀಮುಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೊಂದು ಜನರ ಹವ್ಯಾಸಿ ತಂಡ. ಕೆಲಸ ಮುಗಿಸಿ ಸಂಜೆ ಏಳಕ್ಕೆ ತಾಲೀಮಿಗೆ ಸೇರುತ್ತೇವೆ. ಈ ವರ್ಷ ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೊಲಿಯೇರ್‌ನ ‘ತಾರ್ತೂಫ್’ ಎತ್ತಿಕೊಂಡಿದ್ದೇವೆ. ಹಳೇ ಪೋಷಾಕು ಬೇಡ, ಇವತ್ತಿನ ಮನೆ, ಇವತ್ತಿನ ಜನ ಇರಲಿ ಅಂತ ತೀರ್ಮಾನ ಆಗಿದೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಓರ್ಗಾನ್ ಅಂತ ಒಬ್ಬ ಯಜಮಾನ. ಚರ್ಚಿನಲ್ಲಿ ಕಂಡ ತಾರ್ತೂಫ್ ಅನ್ನುವ ‘ಭಕ್ತ’ನನ್ನು ಮನೆಗೆ ತಂದು ಇಟ್ಟುಕೊಳ್ಳುತ್ತಾನೆ. ಮಗಳನ್ನು ಅವನಿಗೇ ಕೊಡುತ್ತೇನೆ ಅನ್ನುತ್ತಾನೆ. ಮಗನನ್ನು ಹೊರಗೆ ಹಾಕುತ್ತಾನೆ. ಆಸ್ತಿಯನ್ನೂ ಬರೆದುಕೊಡುತ್ತಾನೆ. ಹೆಂಡತಿ ಎಲ್ಮೀರ್ ಗಂಡನನ್ನು ಮೇಜಿನ ಕೆಳಗೆ ಕೂರಿಸಿ ತಾರ್ತೂಫ್‌ನ ನಿಜ ಬಣ್ಣ ತೋರಿಸುತ್ತಾಳೆ. ಅಷ್ಟು ಹೊತ್ತಿಗೆ ಮನೆ ಕೈ ಬಿಟ್ಟಿರುತ್ತದೆ. ಕೊನೆಗೆ ಎಲ್ಲರೂ ಬೀದಿಗೆ ಬೀಳುವ ಹೊತ್ತಿಗೆ ರಾಜನ ಅಧಿಕಾರಿ ಬಂದು ತಾರ್ತೂಫ್‌ನನ್ನೇ ಹಿಡಿದುಕೊಂಡು ಹೋಗುತ್ತಾನೆ. ರಾಜನಿಗೆ ಎಲ್ಲ ಗೊತ್ತಿತ್ತಂತೆ.

ನಮ್ಮ ಗಲಾಟೆ ಇರುವುದು ಈ ಕೊನೆಯಲ್ಲೇ. ಇವತ್ತಿನ ಮನೆಗೆ ರಾಜ ಎಲ್ಲಿಂದ ಬರುತ್ತಾನೆ? ಕೆಲವರು ಕತ್ತರಿಸೋಣ ಅನ್ನುತ್ತಾರೆ. ಕೆಲವರು ಪೊಲೀಸರನ್ನು ತರೋಣ ಅನ್ನುತ್ತಾರೆ. ಒಬ್ಬರು ಟಿವಿ ವರದಿಗಾರ ಬರಲಿ ಅನ್ನುತ್ತಿದ್ದಾರೆ. ನೀವೆಲ್ಲ ಏನು ಹೇಳುತ್ತೀರಿ? ನೋಡಿದವರು, ಆಡಿದವರು ದಯವಿಟ್ಟು ಬರೆಯಿರಿ.

ಮೂರನೇಬೆಲ್

ಟಿವಿ ವರದಿಗಾರ ಮಾತ್ರ ಬೇಡ. ಹತ್ತು ನಾಟಕದಲ್ಲಿ ನೋಡಿಯಾಗಿದೆ.

ಬಣ್ಣದಪೆಟ್ಟಿಗೆ

ಕತ್ತರಿಸಿ. ಮನೆಯವರು ಬೀದಿಗೆ ಬಂದರು, ದೀಪ ಆರಿತು, ಮುಗಿಯಿತು. ಇವತ್ತು ಆಗುವುದು ಅದೇ ಅಲ್ವಾ?

ಲಿಯೋನ್‌ಕನ್ನಡತಿ

ಕತ್ತರಿಸುವ ಮೊದಲು ಈ ಕೊನೆ ಎಲ್ಲಿಂದ ಬಂತು ಅಂತ ನೋಡಿ. ನಾನು ಹನ್ನೆರಡು ವರ್ಷದಿಂದ ಫ್ರಾನ್ಸಿನಲ್ಲಿದ್ದೇನೆ. ಇಲ್ಲಿ ಈ ನಾಟಕ ಶಾಲೆ ಮಕ್ಕಳಿಗೂ ಪಾಠ. ಪ್ಯಾರಿಸ್ಸಿನ ರಾಷ್ಟ್ರೀಯ ರಂಗಸಂಸ್ಥೆ ಕಾಮೆದಿ ಫ್ರಾಂಸೇಸ್‌ನಲ್ಲಿ ಅತಿ ಹೆಚ್ಚು ಸಲ ಆಡಿದ ನಾಟಕವೂ ಇದೇ.

ಮೊದಲ ಸಲ ಆಡಿದ್ದು 1664ರ ಮೇ 12ರಂದು, ವರ್ಸಾಯ್ ಅರಮನೆಯಲ್ಲಿ, ರಾಜನ ಹಬ್ಬದ ಸಂದರ್ಭಕ್ಕೆ. ಆಗ ಇದ್ದದ್ದು ಮೂರೇ ಅಂಕ. ರಾಜ ಹದಿನಾಲ್ಕನೇ ಲೂಯಿಗೆ ಆಗ ಬರೀ 25 ವರ್ಷ. ಅವನು ನಕ್ಕ. ಆದರೆ ಅವನ ತಾಯಿ ಮತ್ತು ಚರ್ಚಿನವರು ಸಿಟ್ಟಾದರು. ಜನರ ಮುಂದೆ ಆಡಬಾರದು ಅಂತ ತಡೆ ಬಂತು. ಒಬ್ಬ ಪಾದ್ರಿ ಮೊಲಿಯೇರ್‌ನನ್ನು ಸುಡಬೇಕು ಅಂತಲೇ ಬರೆದ. 1667ರಲ್ಲಿ ಹೆಸರು ಬದಲಿಸಿ, ಮಾತು ಮೆದು ಮಾಡಿ ಮತ್ತೆ ಆಡಿದರು. ಒಂದೇ ಪ್ರದರ್ಶನ. ಮರುದಿನ ಮತ್ತೆ ತಡೆ. ರಾಜ ಆಗ ಯುದ್ಧಕ್ಕೆ ಫ್ಲಾಂಡರ್ಸ್ ಕಡೆ ಹೋಗಿದ್ದ. ಪ್ಯಾರಿಸ್ಸಿನ ಆರ್ಚ್‌ಬಿಷಪ್, ಈ ನಾಟಕ ನೋಡಿದರೂ ಓದಿದರೂ ಧರ್ಮದಿಂದ ಹೊರಗೆ ಹಾಕುತ್ತೇನೆ ಅಂತ ಆಜ್ಞೆ ಹೊರಡಿಸಿದ. ಕೊನೆಗೆ 1669ರ ಫೆಬ್ರವರಿ 5ರಂದು ಅನುಮತಿ ಸಿಕ್ಕಿತು. ನಾವು ಇವತ್ತು ಓದುವ ಐದು ಅಂಕದ ನಾಟಕ ಅದು.

ಅಂದರೆ ಐದು ವರ್ಷ ಈ ಮನುಷ್ಯ ರಾಜನ ಬಾಗಿಲು ತಟ್ಟಿದ್ದಾನೆ. ಅರ್ಜಿಯ ಮೇಲೆ ಅರ್ಜಿ ಬರೆದಿದ್ದಾನೆ. ಆ ರಾಜ ನಾಟಕದ ಕೊನೆಯಲ್ಲಿ ಬರುತ್ತಾನೆ ಅಂದರೆ ಅದು ಹೊಗಳಿಕೆ ಮಾತ್ರ ಅಲ್ಲ. ನಿಜವಾಗಲೂ ಆ ನಾಟಕವನ್ನು ಉಳಿಸಿದವನೇ ರಾಜ. ಮೊಲಿಯೇರ್ ತನ್ನ ಕಥೆಯನ್ನೇ ಕೊನೆಗೆ ಸೇರಿಸಿದ್ದಾನೆ ಅಂತ ನನಗೆ ಅನ್ನಿಸುತ್ತದೆ.

ಬಣ್ಣದಪೆಟ್ಟಿಗೆ

ಅಕ್ಕ, ಮೂರೇ ಅಂಕ ಇತ್ತು ಅಂದಮೇಲೆ ಆಗ ರಾಜ ಇರಲಿಲ್ಲ ಅಲ್ವಾ? ನನ್ನ ಮಾತಿಗೆ ಬಲ ಬಂತು.

ಲಿಯೋನ್‌ಕನ್ನಡತಿ

ಆ ಮೂರು ಅಂಕದ ಪ್ರತಿ ಉಳಿದಿಲ್ಲ. ಜಾರ್ಜ್ ಫೋರೆಸ್ತಿಯೇ ಅನ್ನುವ ವಿದ್ವಾಂಸರು ಅದು ಹೇಗಿದ್ದಿರಬಹುದು ಅಂತ ಜೋಡಿಸಿದ್ದಾರೆ. ಮೊಲಿಯೇರ್ ಹುಟ್ಟಿ 400 ವರ್ಷ ಆದಾಗ, 2022ರ ಜನವರಿ 15ರಂದು, ಕಾಮೆದಿ ಫ್ರಾಂಸೇಸ್ ಅದನ್ನೇ ಆಡಿತು. ನಿರ್ದೇಶನ ಇವೋ ವಾನ್ ಹೋವೆ. ಸಿನಿಮಾ ಮಂದಿರಗಳಿಗೆ ನೇರ ಪ್ರಸಾರ ಇತ್ತು. ನಾನು ನೋಡಿದ್ದು ಹಾಗೇ. ಅದರಲ್ಲಿ ರಾಜನೂ ಇಲ್ಲ, ಆಸ್ತಿ ಪತ್ರವೂ ಇಲ್ಲ. ಕಪ್ಪು ಬಟ್ಟೆ, ಕತ್ತಲೆ ರಂಗ. ಎಲ್ಮೀರ್‌ಗೆ ತಾರ್ತೂಫ್ ಮೇಲೆ ನಿಜವಾಗಲೂ ಮನಸ್ಸು ಇರುವ ಹಾಗೆ ಆಡಿದರು. ತುಂಬಾ ಬಿಗಿಯಾಗಿತ್ತು. ಆದರೆ ನಗು ಕಡಿಮೆ ಇತ್ತು. ನನಗೆ ಅದು ಕೊರತೆ ಅನ್ನಿಸಿತು.

ಕೊನೇಸಾಲು

ನನ್ನ ಸಲಹೆ ಬೇರೆ. ರಾಜನ ಪ್ರಶ್ನೆ ಆಮೇಲೆ. ಮೊದಲು ತಾರ್ತೂಫ್ ಯಾರು ಅಂತ ತೀರ್ಮಾನ ಮಾಡಿ. ದಯವಿಟ್ಟು ಕಾವಿ ಹಾಕಿಸಬೇಡಿ. ಕಳ್ಳ ಸ್ವಾಮಿ ಅನ್ನುವುದು ನಮ್ಮ ರಂಗದ ಮೇಲೆ ಸವೆದುಹೋಗಿದೆ. ಅವನು ಬರುವ ಮೊದಲೇ ಪ್ರೇಕ್ಷಕರಿಗೆ ಎಲ್ಲ ಗೊತ್ತಾಗಿರುತ್ತದೆ. ಇವತ್ತಿನ ತಾರ್ತೂಫ್ ಅಂದರೆ ಬದುಕು ಬದಲಿಸುತ್ತೇನೆ ಅಂತ ಶಿಬಿರ ನಡೆಸುವವನು. ಇಲ್ಲ ಅಂದರೆ ಹಣ ಎರಡರಷ್ಟು ಮಾಡಿಕೊಡುತ್ತೇನೆ ಅನ್ನುವವನು.

ದೀಪದಹುಡುಗ

ಒಪ್ಪುವುದಿಲ್ಲ ಸರ್. ಹಣ ದುಪ್ಪಟ್ಟು ಮಾಡುವವನಿಗೆ ಮೋಸ ಹೋಗುವವನು ದುರಾಸೆಯಿಂದ ಹೋಗುತ್ತಾನೆ. ಓರ್ಗಾನ್‌ಗೆ ದುರಾಸೆ ಇಲ್ಲ. ಅವನು ಕೊಡುವವನು. ತಾನು ಒಳ್ಳೆಯವನಾಗಬೇಕು ಅನ್ನುವ ಆಸೆಯಿಂದ ಮೋಸ ಹೋಗುತ್ತಾನೆ. ದೇವರು ಇಲ್ಲದೆ ಆ ಆಸೆ ರಂಗದ ಮೇಲೆ ಹೇಗೆ ಬರುತ್ತದೆ? ಧರ್ಮ ತೆಗೆದರೆ ನಾಟಕದ ಬೆನ್ನುಮೂಳೆ ತೆಗೆದ ಹಾಗೆ.

ಲಿಯೋನ್‌ಕನ್ನಡತಿ

ಈ ಜಗಳ ಮೊಲಿಯೇರ್‌ನೇ ಆಡಿದ್ದಾನೆ. 1667ರಲ್ಲಿ ಅವನು ಪಾತ್ರದ ಹೆಸರನ್ನು ಪಾನ್ಯುಲ್ಫ್ ಅಂತ ಬದಲಿಸಿದ. ಪಾದ್ರಿ ಥರದ ಉಡುಪು ತೆಗೆದ. ಚಿಕ್ಕ ಟೋಪಿ, ಉದ್ದ ಕೂದಲು, ದೊಡ್ಡ ಕಾಲರು, ಸೊಂಟಕ್ಕೆ ಕತ್ತಿ, ಬಟ್ಟೆ ತುಂಬ ಲೇಸು. ಸಮಾಜದಲ್ಲಿ ಓಡಾಡುವ ಸಾಮಾನ್ಯ ಶ್ರೀಮಂತನ ವೇಷ. ಇದನ್ನು ರಾಜನಿಗೆ ಬರೆದ ಅರ್ಜಿಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆದರೂ ತಡೆ ಬಂತು. ವೇಷ ಬದಲಾದರೂ ಯಾರ ಬಗ್ಗೆ ಅಂತ ಎಲ್ಲರಿಗೂ ಗೊತ್ತಾಯಿತು.

ಕೊನೇಸಾಲು

ಹಾಗಾದರೆ ವೇಷ ಬದಲಿಸಿಯೂ ಧರ್ಮದ ಮಾತು ಉಳಿಸಬಹುದು ಅಂತಾಯಿತು. ಕಾವಿ ಬೇಡ ಅಂದೆ, ದೇವರು ಬೇಡ ಅನ್ನಲಿಲ್ಲ. ಬಿಳಿ ಜುಬ್ಬಾ, ಮೆಲುದನಿ, ಕೈಯಲ್ಲಿ ಒಂದು ಪುಸ್ತಕ. ಸಾಕು.

ಬರ್ಮಿಂಗ್‌ಹ್ಯಾಮ್‌ಬೀದಿ

ನಾನು 2018ರಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯವರ ‘ತಾರ್ತೂಫ್’ ನೋಡಿದೆ. ಅನಿಲ್ ಗುಪ್ತಾ ಮತ್ತು ರಿಚರ್ಡ್ ಪಿಂಟೊ ಬರೆದದ್ದು. ಇಕ್ಬಾಲ್ ಖಾನ್ ನಿರ್ದೇಶನ. ಬರ್ಮಿಂಗ್‌ಹ್ಯಾಮ್‌ನ ಪಾಕಿಸ್ತಾನಿ ಮೂಲದ ಮುಸ್ಲಿಂ ಕುಟುಂಬ. ಓರ್ಗಾನ್ ಅಲ್ಲಿ ಇಮ್ರಾನ್ ಪರ್ವೇಜ್. ಅಜ್ಜಿ ಪೆರ್ನೆಲ್ ದಾದಿಮಾ ಆಗಿದ್ದಾಳೆ. ಕೆಲಸದ ದೋರೀನ್ ಬೋಸ್ನಿಯಾದಿಂದ ಬಂದ ದಾರಿನಾ.

ದಾದಿಮಾ ಮೊದಲ ದೃಶ್ಯದಲ್ಲಿ ಸೊಸೆಗೆ, ಮೊಮ್ಮಕ್ಕಳಿಗೆ, ಎಲ್ಲರಿಗೂ ಬೈಯುತ್ತಾ ಓಡಾಡಿದಾಗ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೂ ನಮ್ಮ ಅಜ್ಜಿ ನೆನಪಾದಳು. ಆ ನಾಟಕ ಗೆದ್ದದ್ದು ಅಲ್ಲಿ. ಧರ್ಮಗುರು ಕಳ್ಳ ಅಂತ ತೋರಿಸಿದ್ದಕ್ಕೆ ಅಲ್ಲ. ಆ ಮನೆ ನಿಜವಾದ ಮನೆ ಅನ್ನಿಸಿತು. ಮನೆಯವರ ಮೇಲೆ ನಮಗೆ ಪ್ರೀತಿ ಬಂತು. ನೀವು ಯಾವ ಊರಿಗೆ ತಂದರೂ ಮೊದಲು ಆ ಮನೆ ಕಟ್ಟಿ.

ಲಿಯೋನ್‌ಕನ್ನಡತಿ

ಅದಕ್ಕೂ ಮೊದಲು 1995ರಲ್ಲಿ ಫ್ರೆಂಚ್ ನಿರ್ದೇಶಕಿ ಅರಿಯಾನ್ ಮ್ನೂಷ್ಕಿನ್ ಅವರು ತಮ್ಮ ತೆಯಾತ್ರ್ ದ್ಯು ಸೊಲೇಯ್ ತಂಡಕ್ಕೆ ಇದನ್ನು ಆಡಿಸಿದ್ದರು. ಫ್ರಾನ್ಸಿನ ಅವಿನ್ಯೋನ್ ನಾಟಕೋತ್ಸವದಲ್ಲಿ ದೊಡ್ಡ ಸುದ್ದಿ ಆಯಿತು. ಮೆಡಿಟರೇನಿಯನ್ ಕಡೆಯ ಒಂದು ಮನೆ, ಬಿಸಿಲು, ಅಂಗಳ. ತಾರ್ತೂಫ್ ಅಲ್ಲಿ ಗಡ್ಡ ಬಿಟ್ಟ ಮೂಲಭೂತವಾದಿ. ಅಲ್ಜೀರಿಯಾದಲ್ಲಿ ಆಗ ಕೊಲೆಗಳು ನಡೆಯುತ್ತಿದ್ದ ಕಾಲ. ಮೂಲ ಮಾತನ್ನು ಹಾಗೇ ಇಟ್ಟುಕೊಂಡು ಜಾಗ ಮಾತ್ರ ಬದಲಿಸಿದ್ದರು. ಹೊಸದಾಗಿಸುವುದು ಅಂದರೆ ಮಾತನ್ನೆಲ್ಲ ಮತ್ತೆ ಬರೆಯಲೇಬೇಕು ಅಂತ ಇಲ್ಲ.

ಹಳೇಪುಸ್ತಕ

ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಈ ನಾಟಕ ಕನ್ನಡಕ್ಕೆ ಬಂದು ಬಹಳ ಕಾಲ ಆಯಿತು. ಎ.ಎನ್. ಮೂರ್ತಿರಾಯರು ‘ಆಷಾಢಭೂತಿ’ ಅಂತ ಮಾಡಿದ್ದಾರೆ. ಹೆಸರು ನೋಡಿ, ಎಷ್ಟು ಸರಿಯಾಗಿದೆ! ಪಂಚತಂತ್ರದಲ್ಲಿ ದೇವಶರ್ಮ ಅನ್ನುವ ಸನ್ಯಾಸಿ ಹಣದ ಗಂಟನ್ನು ಕಂಕುಳಿನಿಂದ ಕೆಳಗೆ ಇಡುವುದಿಲ್ಲ. ಆಷಾಢಭೂತಿ ಶಿಷ್ಯನ ವೇಷದಲ್ಲಿ ಬರುತ್ತಾನೆ, ಸೇವೆ ಮಾಡುತ್ತಾನೆ, ನಂಬಿಕೆ ಗಳಿಸುತ್ತಾನೆ, ಗಂಟು ಹೊಡೆಯುತ್ತಾನೆ. ಮೊಲಿಯೇರ್‌ನಲ್ಲೂ ಒಂದು ಪೆಟ್ಟಿಗೆ ಇದೆ. ಓರ್ಗಾನ್‌ನ ಗೆಳೆಯ ಊರು ಬಿಟ್ಟು ಓಡುವಾಗ ಕೊಟ್ಟ ಗುಟ್ಟಿನ ಕಾಗದಗಳ ಪೆಟ್ಟಿಗೆ. ಅದೂ ತಾರ್ತೂಫ್ ಕೈಗೆ ಹೋಗುತ್ತದೆ.

ನಮ್ಮಲ್ಲಿ ಆಷಾಢಭೂತಿ ಅಂದರೆ ಕಪಟಿ ಅಂತಲೇ ಅರ್ಥ. ಫ್ರೆಂಚರಲ್ಲಿ ತಾರ್ತೂಫ್ ಅನ್ನುವ ಹೆಸರೇ ಕಪಟಿಗೆ ಪದವಾಗಿದೆ. ಎರಡು ಭಾಷೆಯಲ್ಲೂ ಒಬ್ಬ ಪಾತ್ರದ ಹೆಸರು ಬೈಗುಳವಾಗಿದೆ!

ತಾಲೀಮುಮನೆ (ಮೈಸೂರು)

ಸರ್, ಮೂರ್ತಿರಾಯರ ಪಠ್ಯವನ್ನೇ ತೆಗೆದುಕೊಂಡು ಸ್ವಲ್ಪ ತಿದ್ದಬಹುದಾ ಅಂತ ನಮ್ಮಲ್ಲೂ ಮಾತು ಬಂದಿತ್ತು.

ಕರಿಕೋಟು

ವಕೀಲನಾಗಿ ಒಂದು ಮಾತು. ಮೂರ್ತಿರಾಯರು ತೀರಿಕೊಂಡದ್ದು 2003ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಅವರ ಪಠ್ಯ ಬಳಸಿದರೆ ಹಕ್ಕುದಾರರ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ತಿದ್ದುವುದಿದ್ದರೆ ಅದನ್ನೂ ಕೇಳಿ. ಇಂಗ್ಲಿಷಿನ ಹೊಸ ಅನುವಾದ ನೋಡಿಕೊಂಡು ಕನ್ನಡ ಮಾಡಿದರೂ ಇದೇ ಮಾತು. ಮೊಲಿಯೇರ್‌ನ ಫ್ರೆಂಚ್ ಮಾತ್ರ ಯಾರ ಆಸ್ತಿಯೂ ಅಲ್ಲ. ಫ್ರೆಂಚ್ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಮಾಡುವುದು ಒಳ್ಳೆಯದು.

ಲಿಯೋನ್‌ಕನ್ನಡತಿ

ಅದಕ್ಕೆ ನಾನು ಸಿದ್ಧ. ಭಾನುವಾರ ಫೋನಿನಲ್ಲಿ ಕೂರೋಣ.

ಕರಿಕೋಟು

ಇನ್ನೊಂದು ವಿಷಯ. ಬರೆಯುವಾಗಲೇ ನೋಡಿಕೊಳ್ಳಿ. ಮೂಲದಲ್ಲಿ ಓರ್ಗಾನ್ ಸಿಟ್ಟಿನಲ್ಲಿ ಹೊರಟು ಅದೇ ದಿನ ಆಸ್ತಿ ಬರೆದುಕೊಟ್ಟು ಬರುತ್ತಾನೆ. ಇಲ್ಲಿಗೆ ತಂದರೆ ಅಷ್ಟು ಸುಲಭ ಅಲ್ಲ. ಮನೆಯನ್ನು ದಾನ ಕೊಡಬೇಕಾದರೆ ದಾನಪತ್ರ ರಿಜಿಸ್ಟರ್ ಆಗಬೇಕು. ಕನಿಷ್ಠ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಹಾಗಾದರೆ ಆ ಇಬ್ಬರು ಯಾರು? ಇದು ನಿಮಗೆ ಒಳ್ಳೆಯ ದೃಶ್ಯ ಆಗಬಹುದು. ಮನೆಯವರು ಯಾರೂ ಸಹಿ ಹಾಕುವುದಿಲ್ಲ. ತಾರ್ತೂಫ್ ಜೊತೆಗೆ ಲೋರಾಂ ಅಂತ ಒಬ್ಬ ಆಳು ಇದ್ದಾನಲ್ಲ, ಅವನು ಒಬ್ಬ ಸಾಕ್ಷಿ. ಇನ್ನೊಬ್ಬಳು ಅಜ್ಜಿ. ಮಗನ ಮನೆ ಹೋಗುವುದಕ್ಕೆ ತಾಯಿಯೇ ಖುಷಿಯಿಂದ ಸಹಿ ಹಾಕುತ್ತಾಳೆ.

ಮೂರನೇಬೆಲ್

ಅಜ್ಜಿ ಸಹಿ! ಇದನ್ನು ಬಿಡಬೇಡಿ.

ಕರಿಕೋಟು

ಈಗ ರಾಜನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ರಾಜನ ಜಾಗದಲ್ಲಿ ಯಾರಾದರೂ ಇದ್ದರೆ ಅದು ಕೋರ್ಟು. 1872ರ ಕರಾರು ಕಾಯ್ದೆಯಲ್ಲಿ ಅನುಚಿತ ಪ್ರಭಾವ ಅಂತ ಒಂದು ಕಲಮು ಇದೆ. ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವನು ಅದನ್ನು ಬಳಸಿ ಲಾಭ ಮಾಡಿಕೊಂಡರೆ ಆ ವ್ಯವಹಾರ ರದ್ದಾಗಬಹುದು. ಕಾನೂನು ಓದಿದವರಿಗೆಲ್ಲ 1890ರ ಅಲಹಾಬಾದ್ ಹೈಕೋರ್ಟಿನ ಮನ್ನು ಸಿಂಗ್ ಪ್ರಕರಣ ಗೊತ್ತಿರುತ್ತದೆ. ವಯಸ್ಸಾದ ಒಬ್ಬರು ಪರಲೋಕದಲ್ಲಿ ಒಳ್ಳೆಯದಾಗಲಿ ಅಂತ ಆಸ್ತಿಯನ್ನೆಲ್ಲ ಗುರುವಿಗೆ ದಾನ ಬರೆದರು. ಆಮೇಲೆ ಅವರೇ ಕೇಸು ಹಾಕಿದರು. ಒತ್ತಡ ಇರಲಿಲ್ಲ ಅಂತ ತೋರಿಸುವ ಹೊಣೆ ಗುರುವಿನದು ಅಂತ ಕೋರ್ಟು ಹೇಳಿತು. ಓದಿದಾಗಲೆಲ್ಲ ನನಗೆ ಓರ್ಗಾನ್ ನೆನಪಾಗುತ್ತಾನೆ.

ದೀಪದಹುಡುಗ

ಸರ್, ಆದರೆ ಕೋರ್ಟು ಕೊನೆಯ ಹತ್ತು ನಿಮಿಷದಲ್ಲಿ ಬರುವುದಿಲ್ಲ. ರಾಜನ ಗುಣ ಅಂದರೆ ಆ ಕ್ಷಣದಲ್ಲೇ ಬರುವುದು. ಕೋರ್ಟಿನ ಗುಣ ಅಂದರೆ ಕಾಯಿಸುವುದು. ಎರಡೂ ಬೇರೆ ನಾಟಕ.

ಬಣ್ಣದಪೆಟ್ಟಿಗೆ

ಅದಕ್ಕೇ ಕತ್ತರಿಸಿ ಅಂದೆ.

ಲಿಯೋನ್‌ಕನ್ನಡತಿ

ಕತ್ತರಿಸಿದರೆ ಅದು ದುಃಖದ ನಾಟಕ ಆಗುತ್ತದೆ. ಇದು ಕಾಮಿಡಿ. ನಗಿಸಿ ಎಚ್ಚರಿಸುವುದು ಅವನ ಕೆಲಸ ಅಂತ ಮೊಲಿಯೇರ್ ಮುನ್ನುಡಿಯಲ್ಲೇ ವಾದ ಮಾಡಿದ್ದಾನೆ. ಪ್ರೇಕ್ಷಕರನ್ನು ಎರಡು ಗಂಟೆ ನಗಿಸಿ ಕೊನೆಗೆ ಬೀದಿಗೆ ಬಿಡುವುದು ನಮ್ಮ ಕಾಲದ ಅಭ್ಯಾಸ. ಸಂತೋಷವಾಗಿ ಮುಗಿಯುವ ನಾಟಕಕ್ಕೆ ನಾವು ಯಾಕೆ ಹೆದರಬೇಕು?

ಬಣ್ಣದಪೆಟ್ಟಿಗೆ

ಹೆದರುವುದಲ್ಲ ಅಕ್ಕ. ನಂಬಿಕೆ ಬರಬೇಕಲ್ಲ. ನಮ್ಮ ಅತ್ತೆಯೊಬ್ಬರು ಹೀಗೇ ಒಬ್ಬರನ್ನು ನಂಬಿ ಒಡವೆ ಕಳೆದುಕೊಂಡರು. ಯಾವ ಅಧಿಕಾರಿಯೂ ಬರಲಿಲ್ಲ. ಆ ನಾಟಕ ಅವರು ನೋಡಿದರೆ ಕೊನೆ ಸುಳ್ಳು ಅನ್ನುತ್ತಾರೆ.

ಲಿಯೋನ್‌ಕನ್ನಡತಿ

ನಿಮ್ಮ ಅತ್ತೆಯ ವಿಷಯ ಕೇಳಿ ಬೇಜಾರಾಯಿತು. ಅವರು ಸುಳ್ಳು ಅಂದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅಡುಗೆಭಟ್ಟ_ನಟ

ಸ್ವಲ್ಪ ಬೇರೆ ಪ್ರಶ್ನೆ. ಮೂಲದಲ್ಲಿ ತಾರ್ತೂಫ್ ರಾತ್ರಿ ಊಟಕ್ಕೆ ಎರಡು ಕೌಜುಗ ಹಕ್ಕಿ, ಅರ್ಧ ಕುರಿ ತೊಡೆ ತಿನ್ನುತ್ತಾನೆ. ಅದೂ ಭಕ್ತಿಯಿಂದ! ನೀವು ಏನು ತಿನ್ನಿಸುತ್ತೀರಿ?

ತಾಲೀಮುಮನೆ (ಮೈಸೂರು)

ಪಾಯಸ, ಹೋಳಿಗೆ, ತುಪ್ಪ. ಉಪವಾಸದ ದಿನವೇ ತಿನ್ನಲಿ ಅಂತ ಇದ್ದೇವೆ.

ಮಾತ್ರೆಗಣ

ಊಟದ ಮಾತು ಬಂದದ್ದು ಒಳ್ಳೆಯದಾಯಿತು. ಆ ದೃಶ್ಯವೇ ನಾಟಕದ ಚಿನ್ನ. ಓರ್ಗಾನ್ ಎರಡು ದಿನ ಹಳ್ಳಿಗೆ ಹೋಗಿ ಬರುತ್ತಾನೆ. ಕೆಲಸದ ದೋರೀನ್‌ನ ಹತ್ತಿರ ಮನೆ ಹೇಗಿದೆ ಅಂತ ಕೇಳುತ್ತಾನೆ. ಅವಳು ಅಮ್ಮನವರಿಗೆ ಜ್ವರ ಅನ್ನುತ್ತಾಳೆ. ಅವನು ‘ತಾರ್ತೂಫ್ ಹೇಗಿದ್ದಾನೆ?’ ಅನ್ನುತ್ತಾನೆ. ಅವನು ತಿಂದು ಕೆಂಪಗಿದ್ದಾನೆ ಅಂದರೆ ಇವನು ‘ಪಾಪದವನು!’ ಅನ್ನುತ್ತಾನೆ. ನಾಲ್ಕು ಸಲ ಅದೇ ಪ್ರಶ್ನೆ, ನಾಲ್ಕು ಸಲ ಅದೇ ಉದ್ಗಾರ.

ಕನ್ನಡದಲ್ಲಿ ನಮಗೆ ಒಂದು ಅದೃಷ್ಟ ಇದೆ. ‘ಅಯ್ಯೋ ಪಾಪ!’ ಅಂದರೆ ಕನಿಕರ. ಪಾಪ ಅಂದರೆ ಮಾಡಿದ ತಪ್ಪೂ ಹೌದು. ಫ್ರೆಂಚಿನಲ್ಲಿ ಈ ಎರಡು ಅರ್ಥ ಒಂದೇ ಮಾತಿನಲ್ಲಿ ಇಲ್ಲ. ಮೂರನೇ ಅಂಕದಲ್ಲಿ ಮಗ ದಮೀಸ್ ಸಾಕ್ಷಿ ಸಮೇತ ಹಿಡಿದುಕೊಟ್ಟಾಗ ತಾರ್ತೂಫ್ ‘ಹೌದು ಅಣ್ಣ, ನಾನು ಪಾಪಿ’ ಅನ್ನುತ್ತಾನೆ. ನಿಜವನ್ನೇ ಹೇಳುತ್ತಾನೆ. ಓರ್ಗಾನ್ ಅದನ್ನು ವಿನಯ ಅಂತ ತಿಳಿದು ಮಗನ ಮೇಲೆ ತಿರುಗಿ ಬೀಳುತ್ತಾನೆ. ಮೊದಲ ಅಂಕದ ‘ಅಯ್ಯೋ ಪಾಪ’ ಇಲ್ಲಿ ಬಂದು ಕೂಡಿಕೊಳ್ಳುತ್ತದೆ.

ಇನ್ನು ಪದ್ಯದ ವಿಷಯ. ಮೂಲ ಇರುವುದು ಸಾಲಿಗೆ ಹನ್ನೆರಡು ಅಕ್ಷರ ಉಚ್ಚಾರದ ಪದ್ಯದಲ್ಲಿ, ಎರಡೆರಡು ಸಾಲಿಗೆ ಪ್ರಾಸ. ಗದ್ಯ ಮಾಡಬೇಡಿ. ನಮ್ಮ ಲಲಿತ ರಗಳೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಐದು ಮಾತ್ರೆಯ ನಾಲ್ಕು ಗಣ. ಒಂದು ಪ್ರಯತ್ನ ಮಾಡಿದೆ:

ಅಮ್ಮನಿಗೆ ಮೊನ್ನೆಯೇ ಮೈಯೆಲ್ಲ ಉರಿ ಜ್ವರ,
ತಲೆನೋವು ಹೆಚ್ಚಾಗಿ ಬರಲಿಲ್ಲ ಸರಿ ಸ್ವರ.
(ಗುರುಗಳು?)
ಗುರುಗಳಾ? ಮೈ ತುಂಬಿ ಕೆನ್ನೆ ಮಾವಿನ ಹಣ್ಣು,
ಎರಡನೆಯ ಸಲ ಬಡಿಸೊ ಪಾಯಸಕೆ ಬಿಡುಗಣ್ಣು.
(ಅಯ್ಯೋ ಪಾಪ!)

ಹಳೇಪುಸ್ತಕ

ರಗಳೆ ಅಂದರೆ ಆದಿಪ್ರಾಸವೂ ಬೇಕು. ಇಲ್ಲಿ ಕೊನೆಯಲ್ಲಿ ಮಾತ್ರ ಇದೆ.

ಮಾತ್ರೆಗಣ

ಗೊತ್ತು ಸರ್. ಎರಡು ಕಡೆ ಪ್ರಾಸ ಹಿಡಿದರೆ ನಟರ ನಾಲಿಗೆ ಕಟ್ಟುತ್ತದೆ. ನಡಿಗೆ ಇಟ್ಟುಕೊಂಡು ಆದಿಪ್ರಾಸ ಬಿಟ್ಟೆ.

ಕೊನೇಸಾಲು

ಪದ್ಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಎರಡು ಗಂಟೆ ಹೀಗೇ ಕೇಳಿದರೆ ಪ್ರೇಕ್ಷಕರಿಗೆ ಪ್ರಾಸ ಮಾತ್ರ ಕೇಳುತ್ತದೆ, ಮಾತು ಕೇಳುವುದಿಲ್ಲ. ಮೊಲಿಯೇರ್‌ನೇ 1668ರಲ್ಲಿ ಜಿಪುಣನ ನಾಟಕವನ್ನು ಗದ್ಯದಲ್ಲಿ ಬರೆದಿದ್ದಾನೆ.

ಬೆಂಚುನಟಿ

ನನಗೆ ಅನ್ನಿಸುವುದು, ತಾರ್ತೂಫ್‌ಗೆ ಮತ್ತು ದೋರೀನ್‌ಗೆ ಮಾತ್ರ ಪದ್ಯ ಇರಲಿ. ಅವರಿಬ್ಬರೇ ಆ ಮನೆಯಲ್ಲಿ ಮಾತನ್ನು ಆಯುಧ ಮಾಡಿಕೊಂಡವರು. ಉಳಿದವರು ಮನೆ ಮಾತು ಆಡಲಿ.

ಮಾತ್ರೆಗಣ

ಇದು ಹೊಸ ಯೋಚನೆ. ನನಗೆ ಇಷ್ಟ ಆಯಿತು.

ಬೆಂಚುನಟಿ

ನಾನು ಕಾಲೇಜಿನಲ್ಲಿ ಎಲ್ಮೀರ್ ಮಾಡಿದ್ದೆ. ಮೇಜಿನ ದೃಶ್ಯದ ಬಗ್ಗೆ ಹೇಳುತ್ತೇನೆ. ಎಲ್ಮೀರ್ ಕೆಮ್ಮುತ್ತಾಳೆ, ಗಂಡ ಹೊರಗೆ ಬರಲಿ ಅಂತ. ಬರುವುದಿಲ್ಲ. ತಾರ್ತೂಫ್ ಹತ್ತಿರ ಬರುತ್ತಾನೆ. ಮತ್ತೆ ಕೆಮ್ಮುತ್ತಾಳೆ. ಆಗಲೂ ಬರುವುದಿಲ್ಲ. ನಗು ಬರುತ್ತದೆ ನಿಜ. ಆದರೆ ಆಡುವಾಗ ನನಗೆ ನಿಜವಾಗಲೂ ಭಯ ಆಗಿತ್ತು. ಇಷ್ಟು ಆದರೂ ಈ ಗಂಡ ಯಾಕೆ ಸುಮ್ಮನಿದ್ದಾನೆ ಅಂತ.

ಅವನು ಯಾವಾಗ ಹೊರಗೆ ಬರುತ್ತಾನೆ ನೋಡಿ. ತಾರ್ತೂಫ್, ನಿನ್ನ ಗಂಡನಿಗೆ ಮೂಗುದಾರ ಹಾಕಿ ಎಲ್ಲಿಗೆ ಬೇಕಾದರೂ ಎಳೆಯಬಹುದು ಅನ್ನುವ ಅರ್ಥದ ಮಾತು ಹೇಳಿ, ಬಾಗಿಲ ಆಚೆ ಯಾರಾದರೂ ಇದ್ದಾರಾ ಅಂತ ನೋಡಲು ಹೋಗುತ್ತಾನೆ. ಆಗ ಇವನು ಎದ್ದು ಬರುತ್ತಾನೆ. ಹೆಂಡತಿಯ ಕಷ್ಟಕ್ಕೆ ಏಳದವನು ತನಗೆ ಬಿದ್ದ ಅವಮಾನದ ಮೇಲೆ ಏಳುತ್ತಾನೆ. ಇದನ್ನು ಆಡಿ ತೋರಿಸಿದರೆ ಓರ್ಗಾನ್ ಏನು ಅಂತ ಗೊತ್ತಾಗುತ್ತದೆ. ನನ್ನ ಪ್ರಕಾರ ಈ ನಾಟಕ ತಾರ್ತೂಫ್‌ನದ್ದಲ್ಲ, ಓರ್ಗಾನ್‌ನದ್ದು. ಮೊಲಿಯೇರ್ ತಾನು ಆಡಿದ್ದೂ ಓರ್ಗಾನ್ ಪಾತ್ರವನ್ನೇ.

ದೀಪದಹುಡುಗ

ಮೇಜಿನ ಬದಲು ಸಿಸಿಟಿವಿ ಕ್ಯಾಮೆರಾ ಇಟ್ಟರೆ? ಗಂಡ ಫೋನಿನಲ್ಲಿ ನೋಡುತ್ತಿರುತ್ತಾನೆ.

ಬೆಂಚುನಟಿ

ಬೇಡ! ಕ್ಯಾಮೆರಾದಲ್ಲಿ ನೋಡುವವನು ದೂರ ಇರುತ್ತಾನೆ. ಅವನು ಬರಲಿಲ್ಲ ಅಂದರೆ ತಡ ಆಯಿತು ಅಂದುಕೊಳ್ಳುತ್ತೇವೆ. ಮೇಜಿನ ಕೆಳಗೆ ಇರುವವನು ಒಂದು ಮೊಳ ದೂರದಲ್ಲಿದ್ದೂ ಬರುವುದಿಲ್ಲ. ಆ ಒಂದು ಮೊಳವೇ ದೃಶ್ಯ.

ಕೊನೇಸಾಲು

ನೂರಕ್ಕೆ ನೂರು ಸರಿ.

ಬಡಗಿ_ರಂಗ

ಮೇಜು ಮಾಡುವವನ ಕಡೆಯಿಂದ: ಬಟ್ಟೆ ನೆಲ ಮುಟ್ಟಬೇಕು. ಆದರೆ ಮುಂದೆ ಮಾತ್ರ. ಹಿಂದಿನ ಕಡೆ ತೆರೆದಿಡಿ, ಇಲ್ಲದಿದ್ದರೆ ನಟ ಬೆವರಿ ಸುಸ್ತಾಗುತ್ತಾನೆ. ಮೇಲ್ಹಲಗೆಯ ಮೇಲೆ ಕೂತರೂ ಅಲುಗಾಡಬಾರದು, ಅಡ್ಡಪಟ್ಟಿ ಹಾಕಿಸಿ. ನಾವು ಒಂದು ಸಲ ಬಾಡಿಗೆ ಮೇಜು ತಂದೆವು. ಬಟ್ಟೆ ಗೇಣುದ್ದ ಕಡಿಮೆ. ಮೊದಲ ಸಾಲಿನವರಿಗೆ ಓರ್ಗಾನ್‌ನ ಕಾಲು ಪೂರ್ತಿ ಕಾಣುತ್ತಿತ್ತು.

ಹಳೇಪುಸ್ತಕ

ಅಜ್ಜಿ ಪಾತ್ರಕ್ಕೆ ಗಂಡಸರನ್ನು ಹಾಕಿ ನೋಡಿ. ಮೊಲಿಯೇರ್ ಕಾಲದಲ್ಲಿ ಪೆರ್ನೆಲ್ ಆಡಿದ್ದು ಲೂಯಿ ಬೆಜಾರ್ ಅನ್ನುವ ನಟ. ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಹೆಣ್ಣು ಪಾತ್ರ ಮಾಡುತ್ತಿದ್ದದ್ದು ನೆನಪಿದೆಯಲ್ಲ.

ಬೆಂಚುನಟಿ

ಹೆಂಗಸರಿಗೆ ಒಳ್ಳೆಯ ವಯಸ್ಸಾದ ಪಾತ್ರ ಸಿಗುವುದೇ ಕಡಿಮೆ ಸರ್. ಅದನ್ನೂ ಕಿತ್ತುಕೊಳ್ಳಬೇಡಿ.

ಹಳೇಪುಸ್ತಕ

ಸರಿ ಅಮ್ಮ, ಹಿಂತೆಗೆದುಕೊಂಡೆ.

ಮೂರನೇಬೆಲ್

ಬೇರೆ ವಿಷಯ, ಕ್ಷಮಿಸಿ. ಫ್ರಾನ್ಸಿನಲ್ಲಿ ಪರದೆ ಏಳುವ ಮೊದಲು ಕೋಲಿನಿಂದ ಮೂರು ಸಲ ನೆಲಕ್ಕೆ ಕುಟ್ಟುತ್ತಾರಂತೆ, ಹೌದಾ? ನಮ್ಮ ಮೂರನೇ ಬೆಲ್ ಥರ.

ಲಿಯೋನ್‌ಕನ್ನಡತಿ

ಹೌದು. ಈಗ ಕಡಿಮೆ ಆಗಿದೆ. ಇಲ್ಲಿ ರಂಗದ ಮೇಲೆ ಹಸಿರು ಬಟ್ಟೆ ಅಪಶಕುನ ಅಂತ ನಂಬುವವರೂ ಇದ್ದಾರೆ. ಮೊಲಿಯೇರ್ ಸಾಯುವ ದಿನ ಹಸಿರು ತೊಟ್ಟಿದ್ದ ಅನ್ನುವ ಕಥೆ ಹೇಳುತ್ತಾರೆ. ಅದು ಕಥೆ. ಆದರೆ ಕಾಯಿಲೆ ಇದೆ ಅಂತ ಭ್ರಮೆ ಪಡುವವನ ಪಾತ್ರ ಮಾಡುತ್ತಲೇ ಅವನಿಗೆ ರಂಗದ ಮೇಲೆ ಜೋರಾಗಿ ಅಸೌಖ್ಯ ಆದದ್ದು ನಿಜ. 1673ರ ಫೆಬ್ರವರಿ 17. ಅದು ಆ ನಾಟಕದ ನಾಲ್ಕನೇ ಪ್ರದರ್ಶನ. ಮುಗಿಸಿ ಮನೆಗೆ ಹೋಗಿ ಅದೇ ರಾತ್ರಿ ತೀರಿಕೊಂಡ. ನಟ ಅನ್ನುವ ಕಾರಣಕ್ಕೆ ಚರ್ಚು ಮಣ್ಣು ಕೊಡಲು ಒಪ್ಪಲಿಲ್ಲ. ಹೆಂಡತಿ ರಾಜನ ಹತ್ತಿರ ಹೋಗಿ ಬೇಡಿದಳು. ಕೊನೆಗೆ ರಾತ್ರಿ ಹೊತ್ತು, ಆಡಂಬರ ಇಲ್ಲದೆ ಮಣ್ಣು ಮಾಡಿದರು. ಅವನು ಆ ನಾಟಕದಲ್ಲಿ ಕೂರುತ್ತಿದ್ದ ಕುರ್ಚಿಯನ್ನು ಕಾಮೆದಿ ಫ್ರಾಂಸೇಸ್‌ನಲ್ಲಿ ಇವತ್ತಿಗೂ ಇಟ್ಟಿದ್ದಾರೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಬಣ್ಣದಪೆಟ್ಟಿಗೆ

ಅಲ್ಲೂ ಕೊನೆಗೆ ರಾಜನ ಹತ್ತಿರವೇ ಹೋಗಬೇಕಾಯಿತು.

ದೀಪದಹುಡುಗ

ಒಂದು ಪ್ರಶ್ನೆ. ತಾರ್ತೂಫ್ ರಂಗಕ್ಕೆ ಬರುವುದು ಮೂರನೇ ಅಂಕದಲ್ಲಿ. ಇವತ್ತಿನ ಪ್ರೇಕ್ಷಕರು ಅಷ್ಟು ಹೊತ್ತು ಕಾಯುತ್ತಾರಾ? ಮುಂಚೆ ತರಬಾರದಾ?

ಲಿಯೋನ್‌ಕನ್ನಡತಿ

ತರಲೇಬೇಡಿ. ಎರಡು ಪೂರ್ತಿ ಅಂಕ ಅವನ ಬರುವಿಕೆಗೆ ತಯಾರಿ ಮಾಡಲಿಕ್ಕೇ ಬಳಸಿದ್ದೇನೆ ಅಂತ ಮೊಲಿಯೇರ್ ಬರೆದಿದ್ದಾನೆ. ಬಂದ ತಕ್ಷಣ ಆಡುವ ಮಾತು ನೋಡಿ. ದೋರೀನ್ ಕಂಡಳು ಅಂತ ಗೊತ್ತಾದ ಕೂಡಲೇ ಆಳಿಗೆ, ನನ್ನ ಪ್ರಾಯಶ್ಚಿತ್ತದ ಒರಟು ಉಡುಪನ್ನೂ ಮೈಗೆ ಹೊಡೆದುಕೊಳ್ಳುವ ಚಾಟಿಯನ್ನೂ ಎತ್ತಿಡು ಅನ್ನುತ್ತಾನೆ. ಆಮೇಲೆ ಅವಳಿಗೆ ಕರವಸ್ತ್ರ ಕೊಟ್ಟು ಎದೆ ಮುಚ್ಚಿಕೋ ಅನ್ನುತ್ತಾನೆ. ಎರಡೇ ಮಾತಿನಲ್ಲಿ ಪೂರ್ತಿ ಮನುಷ್ಯ ಕಾಣುತ್ತಾನೆ. ಅಷ್ಟು ಹೊತ್ತು ಕಾದಿದ್ದಕ್ಕೇ ಅದು ಕೆಲಸ ಮಾಡುತ್ತದೆ.

ಕೊನೇಸಾಲು

ಅವಧಿ ಉಳಿಸಬೇಕಾದರೆ ಕ್ಲೆಯಾಂತ್‌ನನ್ನು ತೆಗೆಯಿರಿ. ಎಲ್ಮೀರ್‌ನ ಅಣ್ಣ. ಬರೀ ಬುದ್ಧಿ ಹೇಳುತ್ತಾನೆ.

ಬೆಂಚುನಟಿ

ಕಡಿಮೆ ಮಾಡಿ, ತೆಗೆಯಬೇಡಿ. ಕೊನೆಯಲ್ಲಿ ತಾರ್ತೂಫ್ ಸಿಕ್ಕಿಬಿದ್ದ ಮೇಲೆ ಓರ್ಗಾನ್ ಅವನ ಮೇಲೆ ಎಗರಿ ಹೋಗುತ್ತಾನೆ. ಕ್ಲೆಯಾಂತ್ ತಡೆಯುತ್ತಾನೆ. ಸಾಕು, ನಿಲ್ಲಿಸು, ಅವನ ಮಟ್ಟಕ್ಕೆ ಇಳಿಯಬೇಡ ಅನ್ನುತ್ತಾನೆ. ಓರ್ಗಾನ್ ಇನ್ನೂ ಬದಲಾಗಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಮೊದಲು ಕುರುಡು ಪ್ರೀತಿ, ಈಗ ಕುರುಡು ಸಿಟ್ಟು.

ತಾಲೀಮುಮನೆ (ಮೈಸೂರು)

ಎಲ್ಲ ಓದಿದೆ. ನಿನ್ನೆ ತಾಲೀಮಿನಲ್ಲಿ ಜೋರಾಗಿ ಎಲ್ಲರ ಮುಂದೆ ಓದಿಯೂ ಹೇಳಿದೆ. ತುಂಬಾ ಥ್ಯಾಂಕ್ಸ್.

ಒಂದು ಪ್ರಯೋಗ ಮಾಡಿ ನೋಡಿದೆವು. ಅಧಿಕಾರಿಯ ಮಾತನ್ನು ಕತ್ತರಿಸಲಿಲ್ಲ. ಅವನಿಗೆ ಪೊಲೀಸ್ ಉಡುಪೂ ಹಾಕಲಿಲ್ಲ. ಹದಿನೇಳನೇ ಶತಮಾನದ ಪೋಷಾಕು ಹಾಕಿದೆವು. ಇವತ್ತಿನ ಮನೆ, ಇವತ್ತಿನ ಜನ, ಗಂಟು ಮೂಟೆ ಕಟ್ಟಿಕೊಂಡು ನಿಂತಿದ್ದಾರೆ. ಬಾಗಿಲಿನಿಂದ 1669 ನಡೆದು ಬರುತ್ತದೆ. ಅವನು ಆ ಉದ್ದನೆಯ ಮಾತು ಪೂರ್ತಿ ಹೇಳುತ್ತಾನೆ. ಮನೆಯವರು ಅವನನ್ನೇ ನೋಡುತ್ತಾ ನಿಲ್ಲುತ್ತಾರೆ. ನಂಬಬೇಕೋ ಬೇಡವೋ ಅಂತ ಅವರ ಮುಖದಲ್ಲಿ ಇರುತ್ತದೆ. ನಮ್ಮಲ್ಲೇ ಇಬ್ಬರಿಗೆ ಕಣ್ಣಲ್ಲಿ ನೀರು ಬಂತು.

ಅಜ್ಜಿ ಸಾಕ್ಷಿ ಸಹಿ ಹಾಕುವುದು ಇಟ್ಟುಕೊಂಡಿದ್ದೇವೆ. ಪದ್ಯ ದೋರೀನ್ ಮತ್ತು ತಾರ್ತೂಫ್‌ಗೆ ಮಾತ್ರ. ಕಾವಿ ಇಲ್ಲ.

ಬಣ್ಣದಪೆಟ್ಟಿಗೆ

ಹಳೇ ಪೋಷಾಕಿನ ಯೋಚನೆ ಚೆನ್ನಾಗಿದೆ. ಆದರೂ ಒಂದು ಕೇಳುತ್ತೇನೆ. ಅವನು ತಾರ್ತೂಫ್‌ನನ್ನು ಕರೆದುಕೊಂಡು ಹೋದ ಮೇಲೆ ಮನೆಯವರು ಗಂಟು ಬಿಚ್ಚುತ್ತಾರಾ?

ತಾಲೀಮುಮನೆ (ಮೈಸೂರು)

ಅದನ್ನು ಇನ್ನೂ ತೀರ್ಮಾನ ಮಾಡಿಲ್ಲ. ನಿನ್ನೆ ದೋರೀನ್ ಮಾಡುವವಳು ಯಾರೂ ಹೇಳದೆಯೇ ಒಂದು ಗಂಟು ಎತ್ತಿಕೊಂಡು ಒಳಗೆ ಹೋದಳು. ಓರ್ಗಾನ್ ಮಾತ್ರ ಅಲ್ಲೇ ನಿಂತಿದ್ದ.

ಬೆಂಚುನಟಿ

ಅದನ್ನೇ ಇಟ್ಟುಕೊಳ್ಳಿ.

ಬಣ್ಣದಪೆಟ್ಟಿಗೆ

ಹಾಗಾದರೆ ಅತ್ತೆಯನ್ನು ಕರೆದುಕೊಂಡು ಬರುತ್ತೇನೆ. ದಿನಾಂಕ ಹಾಕಿ.

ಬಡಗಿ_ರಂಗ

ಮೇಜಿನ ಅಳತೆ ಕಳಿಸಿ. ಓರ್ಗಾನ್ ಎಷ್ಟು ಎತ್ತರ ಅಂತಲೂ ಹೇಳಿ.